ಪಟ್ಟಿಯಿಂದ ಬಿಟ್ಟ ಹಾಡು

ನಮ್ಮ ವಾದ್ಯತಂಡವು ಮುಂದಿನ ಕಾರ್ಯಕ್ರಮಕ್ಕೆಂದು ಆರಿಸಿದ ಹಾಡುಗಳ ಪಟ್ಟಿಯನ್ನು ನೆರೆಮನೆಯ ಹಿರಿಯಾಕೆಗೆ ತೋರಿಸಿದಾಗ ಅವರು ಅದನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಹೊಗಳಲಿಲ್ಲ, ತೆಗಳಲೂ ಇಲ್ಲ. "ಗ್ಯಾರಿ ಗ್ಲಿಟರನ ಹಾಡುಗಳನ್ನು ಬಿಟ್ಟಿದ್ದೀರಿ. ಬಿಟ್ಟದ್ದು ಸರಿ. ಆದರೆ ಅಂಥವನೊಬ್ಬ ಇರಲೇ ಇಲ್ಲವೆನ್ನುವಂತೆ ಬಿಟ್ಟಿದ್ದೀರಲ್ಲ, ಅದು ಸರಿಯೇ?" ಎಂದು ಕೇಳಿ ಕಾಗದವನ್ನು ನನ್ನ ಕೈಗೆ ಮರಳಿಸಿದರು. ಇಂಗ್ಲೆಂಡಿನ ವಿಲನ್‌ಹಾಲಿನ ಬೀಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ, ಮಿತವಾಗಿ ಮಾತಾಡುವ ಆ ಹೆಂಗಸಿನ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮದು 1970ರ ದಶಕದ ಹಾಡುಗಳನ್ನಷ್ಟೇ ನುಡಿಸುವ ಐವರ ತಂಡ. ವುಲ್ವರ್‌ಹ್ಯಾಂಪ್ಟನ್ ಊರಿನ ಪಬ್ಬುಗಳಲ್ಲಿಯೂ ಕಾರ್ಮಿಕರ ಕ್ಲಬ್ಬುಗಳಲ್ಲಿಯೂ ಶನಿವಾರದ ರಾತ್ರಿ ನುಡಿಸುತ್ತೇವೆ. ಇಂಥ ತಂಡಕ್ಕೆ ಸ್ವಂತ ಹಾಡು ಇರುವುದಿಲ್ಲ. ಜನರ ನೆನಪಿನಲ್ಲಿ ಆಗಲೇ ನೆಲೆಸಿರುವ ಹಾಡನ್ನು ಅವರ ನೆನಪಿಗೆ ಕುಂದು ಬಾರದಂತೆ ಕೇಳಿಸುವುದೇ ಅದರ ಕೆಲಸ. ಮೈಸೂರಿನಲ್ಲಿ ಚಾಪೆಯ ಮೇಲೆ ಕುಳಿತು, ಪಿಟೀಲಿನ ತಲೆಯನ್ನು ಬಲಪಾದಕ್ಕೆ ಆನಿಸಿ ಕಲಿತ ನನ್ನನ್ನು ಇವರು ಸೇರಿಸಿಕೊಂಡದ್ದು ಒಂದೇ ಒಂದು ಹಾಡಿಗಾಗಿ. ಇದೇ ಊರಿನ ಸ್ಲೇಡ್ ತಂಡದ 'ಕಾಸ್ ಐ ಲವ್ ಯೂ' 1971ರ ನವೆಂಬರಿನಿಂದ ನಾಲ್ಕು ವಾರ ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು. ಬೇಸ್ ಗಿಟಾರಿನ ಜಿಮ್ ಲೀ ಅದರಲ್ಲಿ ನುಡಿಸಿದ ಪಿಟೀಲು ಇಲ್ಲದಿದ್ದರೆ ಆ ಹಾಡು ಅರ್ಧ ಹಾಡು. ಮೈಸೂರಿನ ಹಳಬರು ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ಕುರಿತು ಮಾತಾಡುವ ಹೆಮ್ಮೆಯಲ್ಲಿಯೇ ಇಲ್ಲಿನ ಹಳಬರು ವಾಲ್ಸಾಲಿನ ನಾಡಿ ಹೋಲ್ಡರನ ಕಂಠವನ್ನೂ ಬಿಲ್ಸ್ಟನ್ನಿನ ಡಾನ್ ಪಾವೆಲನ ಡ್ರಮ್ಮನ್ನೂ ಕುರಿತು ಮಾತಾಡುತ್ತಾರೆ. ಆದ್ದರಿಂದ ಈ ಊರಿನಲ್ಲಿ ಸ್ಲೇಡಿನ ಹಾಡನ್ನು ಸುಮಾರಾಗಿ ನುಡಿಸಿ ಪಾರಾಗುವ ಮಾತೇ ಇಲ್ಲ.

ಈ ಬಾರಿ ಕ್ಲಬ್ಬಿನವರು ಕೇಳಿದ್ದು ಇಡೀ ರಾತ್ರಿ ಗ್ಲ್ಯಾಮ್ ರಾಕ್. 1971ರ ಮಾರ್ಚಿನಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮದಲ್ಲಿ ಕಣ್ಣ ಕೆಳಗೆ ಮಿನುಗುಪುಡಿ ಹಚ್ಚಿಕೊಂಡು ಹಾಡಿದ್ದನ್ನೇ ಈ ಸಂಗೀತದ ಆರಂಭವೆಂದು ಬಹಳ ಮಂದಿ ಎಣಿಸುತ್ತಾರೆ. ಅಲ್ಲಿಂದ ನಾಲ್ಕೈದು ವರ್ಷ ಇಲ್ಲಿನ ಗಂಡಸರು ಎತ್ತರದ ಅಟ್ಟೆಯ ಬೂಟು, ಹೊಳೆಯುವ ಅಂಗಿ, ಕಣ್ಣಿಗೆ ಬಣ್ಣ ಧರಿಸಿ, ಮೂರೂವರೆ ನಿಮಿಷದೊಳಗೆ ಮುಗಿಯುವ, ಚಪ್ಪಾಳೆಗೆ ಒದಗುವ ಹಾಡುಗಳನ್ನು ಹಾಡಿದರು. ಕೇಳಲು ಸುಲಭವಾದ ಆ ಹಾಡುಗಳನ್ನು ಆರಿಸಿ ಜೋಡಿಸುವುದು ಅಷ್ಟು ಸುಲಭವಲ್ಲ. ನಮ್ಮ ಗಾಯಕರು ಅರವತ್ತು ದಾಟಿದವರು; ಹೋಲ್ಡರ್ ಇಪ್ಪತ್ತರ ಹರೆಯದಲ್ಲಿ ಹಾಡಿದ ಎತ್ತರಕ್ಕೆ ಅವರ ಕಂಠ ಒಂದು ಹಾಡಿನಲ್ಲಿ ಏರಬಲ್ಲದು, ಸಾಲಾಗಿ ನಾಲ್ಕರಲ್ಲಿ ಏರಲಾರದು. ಶ್ರುತಿ ಇಳಿಸಿದರೆ ಗಂಟಲಿಗೆ ಹಿತ, ಆದರೆ ಗಿಟಾರಿನ ಬಿಡಿ ತಂತಿಗಳ ಮೊಳಗು ಹೋಗುತ್ತದೆ. 'ಗೆಟ್ ಇಟ್ ಆನ್' ಹಾಡಿನ ಬಲವಿರುವುದೇ ಆ ಮೊಳಗಿನಲ್ಲಿ. ಸ್ವೀಟ್ ತಂಡದ 'ಬ್ಲಾಕ್‌ಬಸ್ಟರ್' ಮತ್ತು ಡೇವಿಡ್ ಬೋವಿಯ 'ದ ಜೀನ್ ಜೀನಿ' 1973ರ ಆರಂಭದಲ್ಲಿ ಏಕಕಾಲಕ್ಕೆ ಜನಪ್ರಿಯವಾದವು. ಎರಡರ ಗಿಟಾರ್ ನುಡಿಯೂ ಬಹುಮಟ್ಟಿಗೆ ಒಂದೇ. ಹಾಗಾಗಿ ಒಂದೇ ರಾತ್ರಿ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಸೈರನ್ನಿನಿಂದ ಆರಂಭವಾಗುವ ಮೊದಲನೆಯದನ್ನು ಉಳಿಸಿಕೊಂಡು, ಬೋವಿಯಿಂದ 'ಸ್ಟಾರ್‌ಮನ್' ತೆಗೆದುಕೊಂಡೆವು. ಪಲ್ಲವಿಯ 'ಸ್ಟಾರ್‌ಮನ್' ಎಂಬ ಪದದಲ್ಲಿಯೇ ಒಂದು ಪೂರ್ತಿ ಸ್ಥಾಯಿ ಜಿಗಿಯುವ ಆ ಹಾಡನ್ನು ಗಾಯಕರ ಕಂಠ ದಣಿಯುವ ಮೊದಲೇ ಮುಗಿಸಿಬಿಡಬೇಕು. ಬರ್ಮಿಂಗ್‌ಹ್ಯಾಮಿನ ರಾಯ್ ವುಡ್ ಕಟ್ಟಿದ ವಿಝರ್ಡ್ ತಂಡದ ಹಾಡೊಂದು ನನಗೆ ಬಹಳ ಇಷ್ಟವಾದರೂ ಅದರ ದಟ್ಟವಾದ ವಾದ್ಯಗೋಷ್ಠಿ ಐವರ ಕೈಗೆ ಮೀರಿದ್ದರಿಂದ ಬಿಡಬೇಕಾಯಿತು.

ಕ್ರಮದ ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಿತು. ವರ್ಣದಿಂದ ಕೈ ಕಾಯಿಸಿಕೊಂಡು, ತೂಕದ ಕೃತಿಯನ್ನು ನಡುವಿಗಿಟ್ಟು, ಹಗುರವಾದವನ್ನು ಕೊನೆಗೆ ನುಡಿಸುವ ಕಛೇರಿಗಳನ್ನು ವಿ.ವಿ. ಮೊಹಲ್ಲಾದ ಎಂಟನೆಯ ಕ್ರಾಸಿನ ಗಣೇಶೋತ್ಸವದಲ್ಲಿ ಕೇಳುತ್ತ ಬೆಳೆದವಳು ನಾನು. ಜನಕ್ಕೆ ಪ್ರಿಯವಾದದ್ದನ್ನೆಲ್ಲ ಮೊದಲೇ ಸುರಿದುಬಿಟ್ಟರೆ ಎರಡನೆಯ ಭಾಗಕ್ಕೆ ಏನೂ ಉಳಿಯುವುದಿಲ್ಲವೆಂದು ನಾನು ವಾದಿಸಿದಾಗ ಗಿಟಾರಿನವರು ಒಪ್ಪಿದರು. 1974ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ, ಮಡ್ ತಂಡದ 'ಟೈಗರ್ ಫೀಟ್' ಎರಡನೆಯ ಭಾಗದ ನಡುವಿಗೆ ಹೋಯಿತು. ಬೋವಿ ಬರೆದು ಮಾಟ್ ದ ಹೂಪಲ್ ತಂಡಕ್ಕೆ ಕೊಟ್ಟ 'ಆಲ್ ದ ಯಂಗ್ ಡ್ಯೂಡ್ಸ್' ಕೊನೆಯಲ್ಲಿ ನಿಂತಿತು.

ಇಷ್ಟೆಲ್ಲ ಚರ್ಚೆಯ ನಡುವೆ ಯಾರೂ ಎತ್ತದೆ ಉಳಿದ ಹೆಸರು ಗ್ಯಾರಿ ಗ್ಲಿಟರನದು. ಆ ಕಾಲದ ಪಟ್ಟಿ ಆತನನ್ನು ಬಿಟ್ಟರೆ ಪೂರ್ಣವಾಗದು. 1973–74ರಲ್ಲಿ ಆತನ ಮೂರು ಹಾಡುಗಳು ಮೊದಲ ಸ್ಥಾನಕ್ಕೇರಿದ್ದವು. ವೇದಿಕೆಯ ಮೇಲೆ ಇಬ್ಬರು ಡ್ರಮ್ ವಾದಕರನ್ನು ಕೂರಿಸಿಕೊಂಡು ಆತ ಹಾಡುತ್ತಿದ್ದಾಗಿನ ಬಡಿತ ಇಂದಿಗೂ ಸಭೆಯನ್ನು ಎಬ್ಬಿಸಿ ನಿಲ್ಲಿಸಬಲ್ಲದು. ಆದರೆ ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಇಟ್ಟುಕೊಂಡಿದ್ದಕ್ಕಾಗಿ 1999ರಲ್ಲಿ ಆತ ಜೈಲಿಗೆ ಹೋದ. 2006ರಲ್ಲಿ ವಿಯೆಟ್ನಾಂನಲ್ಲಿ ಬಾಲಕಿಯರ ಮೇಲಿನ ಅಪರಾಧಕ್ಕೆ ಶಿಕ್ಷೆಗೊಳಗಾದ. 2015ರಲ್ಲಿ, 1975 ಮತ್ತು 1980ರ ನಡುವೆ ಮೂವರು ಹುಡುಗಿಯರ ಮೇಲೆ ಎಸಗಿದ ಕೃತ್ಯಗಳಿಗಾಗಿ ಲಂಡನ್ನಿನ ನ್ಯಾಯಾಲಯ ಆತನಿಗೆ 16 ವರ್ಷಗಳ ಸೆರೆವಾಸ ವಿಧಿಸಿತು. ಆತನ ಹಾಡನ್ನು ನುಡಿಸುವುದಿಲ್ಲವೆಂಬುದು ನಮ್ಮ ತಂಡದಲ್ಲಿ ಚರ್ಚೆಯಿಲ್ಲದೆ ನಡೆದುಬಂದ ರೂಢಿ. ಸಭೆಯಿಂದ ಯಾರಾದರೂ ಅದಕ್ಕಾಗಿ ಕೂಗಿದರೆ ಗಾಯಕರು "ಅದು ನಮಗೆ ಬರುವುದಿಲ್ಲ" ಎಂದು ಹೇಳಿ ಮುಂದಿನ ಹಾಡಿಗೆ ಹೋಗುತ್ತಾರೆ.

ನೆರೆಮನೆಯಾಕೆಗೆ ಒಪ್ಪಿಗೆಯಾಗದಿದ್ದದ್ದು ಇದೇ. ಮಾರನೆಯ ದಿನ ಬೇಲಿಯ ಬಳಿ ನಿಂತು ಅವರು ಇನ್ನಷ್ಟು ಹೇಳಿದರು. 1973ರಲ್ಲಿ ಅವರಿಗೆ ಹದಿನಾಲ್ಕು. ಚರ್ಚಿನ ಸಭಾಂಗಣದಲ್ಲಿ ನಡೆಯುತ್ತಿದ್ದ ಶನಿವಾರದ ಕುಣಿತಕ್ಕೆ ಗೆಳತಿಯರೊಂದಿಗೆ ಹೋಗಿ ಅವನ ಹಾಡಿಗೇ ಎಲ್ಲಕ್ಕಿಂತ ಹೆಚ್ಚು ಕುಣಿಯುತ್ತಿದ್ದರಂತೆ, ಮಲಗುವ ಕೋಣೆಯ ಗೋಡೆಗೆ ಅವನ ಚಿತ್ರ ಅಂಟಿಸಿದ್ದರಂತೆ. "ಆ ಹುಡುಗಿಯರೂ ನಮ್ಮಂಥವರೇ. ಅವರ ಮಾತನ್ನು ಕೋರ್ಟು ಕೇಳಲು ನಲವತ್ತು ವರ್ಷ ಬೇಕಾಯಿತು. ಈಗ ನೀವು ನಮಗೆ ಬರುವುದಿಲ್ಲ ಎನ್ನುತ್ತೀರಿ. ಬರುತ್ತದೆ, ಎಲ್ಲರಿಗೂ ಬರುತ್ತದೆ" ಎಂದರು. ಟಿವಿಯಲ್ಲಿ ಹಳೆಯ 'ಟಾಪ್ ಆಫ್ ದ ಪಾಪ್ಸ್' ಮರುಪ್ರಸಾರವಾಗುವಾಗ ಮಕ್ಕಳ ಮೇಲೆ ಎಸಗಿದ ದೌರ್ಜನ್ಯ ಸತ್ತ ಮೇಲೆ ಬಯಲಾದ ನಿರೂಪಕ ಜಿಮ್ಮಿ ಸ್ಯಾವಿಲ್ ನಡೆಸಿಕೊಟ್ಟ ಕಂತುಗಳನ್ನು ಕೈಬಿಡುತ್ತಾರೆ. ಕ್ರಮ ಸರಿಯಾದದ್ದೇ ಆದರೂ, ನೋಡುವ ಎಳೆಯರಿಗೆ ಆ ಕಾಲ ಬರೀ ಮಿನುಗಿನ ಕಾಲವಾಗಿ ತೋರುವುದೆಂಬ ಸಂಕಟ ಅವರದು.

ಅವರ ಮಾತು ನನಗೆ ನಾಟಿದ್ದು ಇಂಗ್ಲೆಂಡಿನ ಕಾರಣಕ್ಕಲ್ಲ. ಮೈಸೂರಿನ ನಮ್ಮ ಪಿಟೀಲಿನ ತರಗತಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಳು. ನಾನು ಇನ್ನೂ ಜಂಟಿ ವರಸೆಯಲ್ಲಿ ತಡವರಿಸುತ್ತಿದ್ದಾಗ ಅವಳು ಮೋಹನದ ವರ್ಣವನ್ನು ಎರಡು ಕಾಲದಲ್ಲಿ ನುಡಿಸುತ್ತಿದ್ದಳು. ಅವಳ ಕಮಾನು ತಂತಿಗೆ ತಾಗುವ ಬಗೆಯೇ ಬೇರೆಯಾಗಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಒಂದು ದಿನದಿಂದ ಅವಳು ತರಗತಿಗೆ ಬರುವುದು ನಿಂತಿತು. ಓದು ಹೆಚ್ಚಾಯಿತಂತೆ ಎಂದು ದೊಡ್ಡವರು ಹೇಳಿದರು. ಅವಳ ತಾಯಿ ಒಂದು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ನನ್ನ ತಾಯಿಯೊಂದಿಗೆ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಆ ವಾರದಿಂದ ನನ್ನ ತಾಯಿ ಮಲ್ಲಿಗೆಯ ಮೊಗ್ಗು, ಬಾಳೆಯ ನಾರು ಹಿಡಿದು ತರಗತಿಗೆ ಬಂದು, ಪಾಠ ಮುಗಿಯುವವರೆಗೂ ಬಾಗಿಲ ಬಳಿ ಹೂ ಕಟ್ಟುತ್ತ ಕೂರತೊಡಗಿದರು. ಮೇಷ್ಟ್ರು ಏನನ್ನೂ ಕೇಳಲಿಲ್ಲ, ಅಮ್ಮನೂ ಏನನ್ನೂ ಹೇಳಲಿಲ್ಲ. ಮುಂದೆ ಆ ಮೇಷ್ಟ್ರಿಗೆ ಶಾಲು, ಹಾರ, ಪೇಟದ ಸನ್ಮಾನಗಳು ನಡೆದವು. ಹೊಸ ಹುಡುಗಿಯರು ಪಾಠಕ್ಕೆ ಸೇರಿದರು. ಗೆಳತಿ ಮತ್ತೆಂದೂ ಪಿಟೀಲು ಮುಟ್ಟಲಿಲ್ಲ.

ಈ ವಿಷಯದಲ್ಲಿ ನನ್ನ ನಾಡು ಇನ್ನೂ ಹಿಂಜರಿಯುತ್ತಿದೆ ಎಂಬುದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. 2018ರಲ್ಲಿ ಹೆಣ್ಣುಮಕ್ಕಳು ಸಾರ್ವಜನಿಕವಾಗಿ ದೂರಿದ ಮೇಲೆ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಆ ವರ್ಷದ ಡಿಸೆಂಬರ್ ಉತ್ಸವದಿಂದ ಕೆಲವು ಕಲಾವಿದರನ್ನು ಕೈಬಿಟ್ಟಾಗ, ಕರ್ನಾಟಕ ಸಂಗೀತದ ಲೋಕದಲ್ಲಿ ಕೊನೆಗೂ ಒಂದು ಬಾಗಿಲು ತೆರೆಯಿತೆಂದು ನಾನು ಸಂತೋಷಪಟ್ಟಿದ್ದೆ. ಊರಿಗೆ ಫೋನು ಮಾಡಿದಾಗ ಅಕ್ಕ, "ದೊಡ್ಡ ವಿದ್ವಾಂಸರ ವಿಚಾರ ನಮಗ್ಯಾಕೆ ಬಿಡೇ, ಅವರ ಸಂಗೀತ ಚೆನ್ನಾಗಿದೆಯಲ್ಲ" ಎಂದಳು. ಅಕ್ಕ ಕೆಟ್ಟವಳಲ್ಲ. ಗುರುವಿನ ಪಾದ ಮುಟ್ಟಿಯೇ ಪಾಠ ಆರಂಭಿಸುವ ಮನೆಯಲ್ಲಿ ಬೆಳೆದವರಿಗೆ ಆ ಪಾದಗಳ ಒಡೆಯನನ್ನು ಪ್ರಶ್ನಿಸುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು. ಆದರೆ ಅಂಥ ಮರ್ಯಾದೆಯ ಬೆಲೆಯನ್ನು ಪ್ರತಿಬಾರಿಯೂ ತೆರುವವರು ಕಲಿಯುವುದನ್ನು ನಿಲ್ಲಿಸಿದ ಮಕ್ಕಳೇ. ನಮ್ಮ ಊರಿನಲ್ಲಿ ಹುಡುಗಿಯನ್ನು ತರಗತಿಯಿಂದ ಬಿಡಿಸಿದರು. ಇಲ್ಲಿ ತಪ್ಪಿತಸ್ಥನ ಹಾಡನ್ನು ಪಟ್ಟಿಯಿಂದ ಬಿಡಿಸಿದ್ದಾರೆ. ಎರಡನೆಯದು ಎಷ್ಟೋ ಮೇಲು, ಅದರಲ್ಲಿ ನನಗೆ ಸಂದೇಹವಿಲ್ಲ. ಕಾರಣವನ್ನು ಬಾಯಿಬಿಟ್ಟು ಹೇಳದಿರುವುದು ಮಾತ್ರ ಎರಡು ಕಡೆಯೂ ಒಂದೇ ಆಗಿದೆ.

ಕಳೆದ ವಾರದ ತಾಲೀಮಿನಲ್ಲಿ ಈ ವಿಷಯವನ್ನು ತಂಡದ ಮುಂದಿಟ್ಟೆ. ದುಡ್ಡು ಕೊಟ್ಟು ಕುಣಿಯಲು ಬಂದವರಿಗೆ ಭಾಷಣ ಮಾಡಲಾಗದೆಂದು ಗಾಯಕರು ಮೊದಲು ಅಸಮಾಧಾನಪಟ್ಟರು, ಅದರಲ್ಲಿ ನ್ಯಾಯವೂ ಇತ್ತು. ಡ್ರಮ್ಮಿನವರಿಗೆ ಬೇರೆ ದುಃಖ: ಗ್ಯಾರಿ ಗ್ಲಿಟರನ ಹಿಂದೆ ನುಡಿಸುತ್ತಿದ್ದ ಗ್ಲಿಟರ್ ಬ್ಯಾಂಡ್ 1974ರಿಂದ ತನ್ನದೇ ಹಾಡುಗಳನ್ನೂ ಹೊರತಂದಿತ್ತು, 'ಏಂಜಲ್ ಫೇಸ್' ಆ ತಂಡದವರೇ ಬರೆದದ್ದು. ಒಬ್ಬನ ಅಪರಾಧಕ್ಕೆ ಆ ವಾದಕರ ಕೆಲಸವೆಲ್ಲ ಹೂತುಹೋಗಬೇಕೇ ಎಂದು ಅವರು ಕೇಳಿದರು. ಹೂತುಹೋಗಬಾರದು ಎಂದೇ ನನ್ನ ಅಭಿಪ್ರಾಯ. ಆ ಹಾಡನ್ನು ಮೊದಲ ಭಾಗಕ್ಕೆ ಸೇರಿಸಿಕೊಂಡೆವು. ಜೋಡಿ ಡ್ರಮ್ಮಿನ ಬಡಿತಕ್ಕಾಗಿ ಬೇಸ್‌ನವರ ಮಗನನ್ನು ಕರೆಯುವುದೆಂದಾಯಿತು. ನನ್ನ ಇನ್ನೊಂದು ಬೇಡಿಕೆಗೆ ಯಾರೂ ಎದುರಾಡಲಿಲ್ಲ. ಎರಡನೆಯ ಭಾಗ ಸೂಜಿ ಕ್ವಾಟ್ರೋಳ 'ಕ್ಯಾನ್ ದ ಕ್ಯಾನ್' ಹಾಡಿನಿಂದ ಆರಂಭವಾಗುತ್ತದೆ. ಡೆಟ್ರಾಯಿಟಿನಿಂದ ಬಂದು, ಕಪ್ಪು ಚರ್ಮದ ಉಡುಪಿನಲ್ಲಿ ಬೇಸ್ ಗಿಟಾರ್ ತೂಗುಹಾಕಿಕೊಂಡು, ಗಂಡಸರ ತಂಡವೊಂದರ ಮುಂದೆ ನಿಂತು 1973ರಲ್ಲಿ ಮೊದಲ ಸ್ಥಾನಕ್ಕೇರಿದ ಆ ಹೆಣ್ಣಿನ ಹಾಡು ನಮ್ಮ ಪಟ್ಟಿಯಲ್ಲಿ ಇಷ್ಟು ದಿನ ಇರಲಿಲ್ಲ. ಅದನ್ನು ಹಾಡುವವಳು ನಾನು.

ಗಾಯಕರು ಕೊನೆಗೆ ಒಂದು ಮಾತಿಗೆ ಒಪ್ಪಿದರು. ವೇದಿಕೆಯಿಂದ ತಾವಾಗಿ ಏನನ್ನೂ ಘೋಷಿಸುವುದಿಲ್ಲ. ಆದರೆ ಸಭೆಯಿಂದ ಯಾರಾದರೂ ಅವನ ಹಾಡಿಗಾಗಿ ಕೂಗಿದರೆ, ಬರುವುದಿಲ್ಲವೆಂದು ಹೇಳದೆ, ಬರುತ್ತದೆಯೆಂದೂ, ಆ ಹುಡುಗಿಯರಿಗೆ ಆದದ್ದರಿಂದ ನುಡಿಸುವುದಿಲ್ಲವೆಂದೂ ಹೇಳುತ್ತಾರೆ. ಇದನ್ನು ನೆರೆಮನೆಯಾಕೆಗೆ ತಿಳಿಸಿದಾಗ ಅವರು, ಹಾಗಾದರೆ ಮೊದಲು ಕೂಗುವವಳು ತಾನೇ ಎಂದು ಹೇಳಿ, ಶನಿವಾರಕ್ಕೆ ತಮಗೂ ಹಳೆಯ ಗೆಳತಿಯರಿಗೂ ಟಿಕೆಟ್ ತೆಗೆದಿಡಲು ಹೇಳಿದ್ದಾರೆ.