ಬ್ರೇಕ್‌ಡೌನ್ ಬಂತು, ಏಟು ಬೀಳಲಿಲ್ಲ

ಡೆತ್ ಮೆಟಲ್, ಗ್ರೈಂಡ್‌ಕೋರ್, ಹಾರ್ಡ್‌ಕೋರ್ ಅನ್ನುವ ಅಬ್ಬರದ ಸಂಗೀತದ ಮೂರು ಬಗೆಯನ್ನೂ ಒಂದೇ ಆಲ್ಬಮ್‌ಗೆ ತುಂಬಿಕೊಂಡು ಬರುವ ಬ್ಯಾಂಡ್‌ಗಳು ಈಗ ಜಾಸ್ತಿ. ಕೇಳುವವರಿಗೆ ಹಬ್ಬ. ಮಿಕ್ಸ್ ಮಾಡುವವನ ಕಷ್ಟ ಯಾರಿಗೂ ಬೇಡ. ಅಂಥದ್ದೊಂದು ಆಲ್ಬಮ್ ಮುಗಿಸಿ ಕಳಿಸಿದ್ದೇವೆ. ಅದರಲ್ಲಿ ಒಂದು ಕೇಳಿಸುವ ಸೆಷನ್ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಇದೇ ಕೆಲಸದಲ್ಲಿ ಇರುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಇಪ್ಪತ್ತಕ್ಕೂ ಹೆಚ್ಚು ಹಾಡು, ಒಟ್ಟು ಅರ್ಧ ಗಂಟೆಯೂ ಇಲ್ಲ. ತೀರಾ ಚಿಕ್ಕದು ಮೂರು ಸೆಕೆಂಡ್. ಕೊನೆಯದು ನಿಧಾನಕ್ಕೆ ಎಳೆಯುವ ಐದು ನಿಮಿಷದ ಡೆತ್ ಮೆಟಲ್. ನಡುವೆ ಡಿ-ಬೀಟ್, ಟೂ-ಸ್ಟೆಪ್ ಅನ್ನುವ ಪಂಕ್ ತಾಳಗಳು, ಬ್ಲಾಸ್ಟ್ (ಡ್ರಮ್ ಬಿಡುವಿಲ್ಲದೆ ಅತಿವೇಗದಲ್ಲಿ ಓಡುವ ಭಾಗ), ಬ್ರೇಕ್‌ಡೌನ್ (ಹಾಡು ತಟ್ಟನೆ ನಿಧಾನವಾಗಿ, ಭಾರವಾಗುವ ಭಾಗ) ಎಲ್ಲ ಇದೆ. ನಮ್ಮ ಮ್ಯಾನೇಜರ್ ಬುಕಿಂಗ್ ಶೀಟ್‌ನಲ್ಲಿ ಬರೆದದ್ದು ಒಂದೇ ಪದ, ಮೆಟಲ್. ಮೆಟಲ್ ಅಂದಮೇಲೆ ಮೆಟಲ್ ಟೆಂಪ್ಲೇಟ್, ಅಂದರೆ ಮೊದಲೇ ಸೆಟ್ ಮಾಡಿಟ್ಟ ಮಿಕ್ಸ್‌ನ ಅಚ್ಚು. ಟೆಂಪ್ಲೇಟ್ ಇದ್ದಮೇಲೆ ದಿನ ಕಡಿಮೆ ಸಾಕು, ಅಲ್ವಾ? ಅವರ ಲೆಕ್ಕ ಹೀಗೆ.

ಪೂರ್ತಿ ಅವರ ಮೇಲೆ ಹಾಕಿದರೆ ಸುಳ್ಳಾಗುತ್ತದೆ. ಆ ಟೆಂಪ್ಲೇಟ್ ಕಟ್ಟಿದ್ದೇ ನಾನು, ಅದರ ಮೇಲೆ ನನಗೂ ಪ್ರೀತಿ. ನಾನು ಕೆಲಸ ಕಲಿತದ್ದು ಅಮೆರಿಕದ ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೋದಲ್ಲಿ ಪ್ರೊಡ್ಯೂಸರ್ ಸ್ಕಾಟ್ ಬರ್ನ್ಸ್ ಮಾಡಿದ ಡೆತ್ ಮೆಟಲ್ ಆಲ್ಬಮ್‌ಗಳನ್ನು ಕೇಳಿ ಕೇಳಿ. ಆ ಸೌಂಡ್‌ಗೆ ಒಂದು ತರ್ಕ ಇದೆ. 220 ಬಿಪಿಎಂನಲ್ಲಿ (ನಿಮಿಷಕ್ಕೆ 220 ಬೀಟ್) ಡಬಲ್ ಕಿಕ್, ಅಂದರೆ ಎರಡೂ ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್, ಹದಿನಾರನೇ ನೋಟ್ (ಬೀಟ್‌ಗೆ ನಾಲ್ಕು ಏಟು) ಓಡುವಾಗ ಸೆಕೆಂಡ್‌ಗೆ ಹದಿನಾಲ್ಕಕ್ಕೂ ಹೆಚ್ಚು ಏಟು. ಕಿಕ್‌ನ ಕೆಳಗಿನ ಗುಂಯ್ ಉಳಿಸಿಕೊಂಡರೆ ಒಂದು ಏಟಿನ ಬಾಲ ಇನ್ನೊಂದರ ತಲೆ ಮೇಲೆ ಕೂರುತ್ತದೆ. ಅದಕ್ಕೇ ಲೋ-ಎಂಡ್ ಕತ್ತರಿಸಿ, ಮೇಲೆ ಕ್ಲಿಕ್ ಎತ್ತಿ, ಪ್ರತಿ ಏಟನ್ನೂ ಟ್ರಿಗರ್‌ನಿಂದ (ಏಟು ಬಿದ್ದಾಗಲೆಲ್ಲ ರೆಕಾರ್ಡ್ ಮಾಡಿಟ್ಟ ಸೌಂಡ್ ನುಡಿಸುವ ಸಾಧನ) ಒಂದೇ ಅಳತೆಗೆ ತರುವುದು. ಡೆತ್ ಮೆಟಲ್‌ಗೆ ಇದು ಸರಿ. ಜೊತೆಗೆ, ಆಲ್ಬಮ್ ಅಂದಮೇಲೆ ಮೊದಲಿನಿಂದ ಕೊನೆಯವರೆಗೆ ಒಂದೇ ಕಿಟ್ ಒಂದೇ ಕೋಣೆಯಲ್ಲಿ ಬಾರಿಸಿದ ಹಾಗೆ ಕೇಳಬೇಕು ಅನ್ನುವುದು ನನ್ನ ಹಟ.

ಡ್ರಮ್ ಟ್ರ್ಯಾಕ್ ತೆರೆದಾಗ ಬ್ಲಾಸ್ಟ್ ಭಾಗಗಳಲ್ಲಿ ಸ್ನೇರ್ (ಕೋಲಿನಿಂದ ಬಾರಿಸುವ, ಚಟಾರ್ ಅನ್ನುವ ಡ್ರಮ್) ತುಂಬಾ ಮೆತ್ತಗಿತ್ತು. ಬ್ರೇಕ್‌ಡೌನ್‌ನಲ್ಲಿ ಅದೇ ಕೈ ರಿಮ್ ಮುರಿಯುವ ಹಾಗೆ ಹೊಡೆದಿತ್ತು. ನೋಡಿದ ತಕ್ಷಣ ನಾನು ಅಂದುಕೊಂಡದ್ದು: ಹುಡುಗನಿಗೆ ಬ್ಲಾಸ್ಟ್‌ನಲ್ಲಿ ಕೈ ಸೋಲುತ್ತಿದೆ. ಪಾಪ, ಸರಿ ಮಾಡಿಕೊಡೋಣ. ಅಷ್ಟು ವೇಗದಲ್ಲಿ ಯಾರೂ ತೋಳೆತ್ತಿ ಹೊಡೆಯುವುದಿಲ್ಲ, ಬೆರಳು ಮತ್ತು ಮಣಿಕಟ್ಟಿನಲ್ಲೇ ಆಡಿಸುತ್ತಾರೆ, ಕೋಲು ಸ್ಕಿನ್‌ನಿಂದ ನಾಲ್ಕು ಬೆರಳಷ್ಟೂ ಮೇಲೆ ಹೋಗುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಸ್ಕ್ರೀನ್ ಮೇಲೆ ಸಣ್ಣ ಸಣ್ಣ ವೇವ್‌ಫಾರ್ಮ್ ಕಂಡರೆ ಕೈ ತಾನಾಗಿ ರಿಪೇರಿಗೆ ಹೋಗುತ್ತದೆ. ಕಿಕ್, ಸ್ನೇರ್ ಏಟುಗಳ ಜಾಗಕ್ಕೆ ನೂರಕ್ಕೆ ನೂರು ಸ್ಯಾಂಪಲ್, ಅಂದರೆ ಮೊದಲೇ ರೆಕಾರ್ಡ್ ಆದ ಏಟು, ಹಾಕಿದೆ. ಎಲ್ಲಾ ಗ್ರಿಡ್‌ಗೆ, ಅಂದರೆ ತಾಳದ ಕರಾರುವಾಕ್ಕು ಗೆರೆಗೆ, ಎಳೆದೆ. ರೂಮ್ ಮೈಕ್‌ಗಳಲ್ಲಿ ಹಳೆಯ ಸ್ನೇರ್ ಇಣುಕುತ್ತಿತ್ತು, ಅವನ್ನೂ ಇಳಿಸಿದೆ. ಬ್ರೇಕ್‌ಡೌನ್ ಶುರುವಾಗುವ ಜಾಗಕ್ಕೆಲ್ಲ ಒಂದೊಂದು ಬಾಸ್ ಡ್ರಾಪ್ (ಕೆಳಕ್ಕೆ ಜಾರುವ ಆಳದ ಗುಂಯ್) ಇಟ್ಟೆ. ಕೊನೆಗೆ ಎಲ್ಲಾ ಟ್ರ್ಯಾಕ್ ಸೇರುವ ಮಾಸ್ಟರ್ ಬಸ್ ಮೇಲೆ ಲಿಮಿಟರ್, ಸೌಂಡ್ ಒಂದು ಮಿತಿ ದಾಟದಂತೆ ಒತ್ತಿ ಹಿಡಿಯುವಂಥದ್ದು. ಸ್ಕ್ರೀನ್ ನೋಡಿದರೆ ಇಟ್ಟಿಗೆ ಜೋಡಿಸಿದ ಹಾಗೆ ನೀಟಾಗಿತ್ತು.

ಕೇಳಿಸುವ ದಿನ ಬ್ಯಾಂಡ್‌ನವರು, ಲೇಬಲ್‌ನವರು, ನಮ್ಮ ಮ್ಯಾನೇಜರ್ ಎಲ್ಲ ಕಂಟ್ರೋಲ್ ರೂಮ್‌ನಲ್ಲಿ. ಮೊದಲ ಎರಡು ಮೂರು ಹಾಡು ಚೆನ್ನಾಗೇ ಹೋಯಿತು. ಗಿಟಾರಿಸ್ಟ್ ತಲೆ ಆಡಿಸಿದ. ಲೇಬಲ್‌ನವರು ಹೆಬ್ಬೆರಳು ತೋರಿಸಿದರು. ಆಮೇಲೆ ಬಂತು ಆ ಹಾಡು. ಪೂರ್ತಿ ಬ್ಲಾಸ್ಟ್, ಗಕ್ಕನೆ ನಿಲ್ಲುತ್ತದೆ, ಗಾಯಕ ಒಂದು ಸಾಲು ಕೂಗುತ್ತಾನೆ, ಬ್ರೇಕ್‌ಡೌನ್. ಡೆಮೋದಲ್ಲಿ ಕೇಳಿದಾಗಲೇ ಎಲ್ಲರೂ ಇದೇ ಸಿಂಗಲ್ ಅಂದಿದ್ದರು.

ಬ್ರೇಕ್‌ಡೌನ್ ಬಂತು. ಯಾರ ಕುತ್ತಿಗೆಯೂ ಅಲ್ಲಾಡಲಿಲ್ಲ.

ಹಾರ್ಡ್‌ಕೋರ್ ಕೇಳುವವರ ಮುಂದೆ ಬ್ರೇಕ್‌ಡೌನ್ ಹಾಕಿದರೆ ಕುತ್ತಿಗೆ ಅವರ ಮಾತು ಕೇಳುವುದಿಲ್ಲ, ತಾನಾಗಿ ಹೋಗುತ್ತದೆ. ಇಲ್ಲಿ ಐದು ಜನ ಬರೆದವರೇ, ಬಾರಿಸಿದವರೇ ಸುಮ್ನೆ ಕೂತಿದ್ದಾರೆ. ಒಬ್ಬ ಫೋನ್ ನೋಡಿದ. ಡ್ರಮ್ಮರ್ ನೆಲ ನೋಡುತ್ತಿದ್ದ. ಹಾಡು ಮುಗಿಯಿತು, ಮುಂದಿನದಕ್ಕೆ ಹೋಗದೆ ನಾನೇ ನಿಲ್ಲಿಸಿದೆ. ಲೇಬಲ್‌ನವರು ಗಂಟಲು ಸರಿಮಾಡಿಕೊಂಡು, “ಇನ್ನೂ ಸ್ವಲ್ಪ ಲೌಡ್ ಮಾಡೋಕಾಗುತ್ತಾ?” ಅಂದರು. ಲಿಮಿಟರ್ ಆಗಲೇ ಉಸಿರು ಕಟ್ಟಿ ನಿಂತಿತ್ತು.

ಆಗ ಗಾಯಕ, “ಸರ್, ಬೇಜಾರು ಮಾಡ್ಕೋಬೇಡಿ, ಟ್ರ್ಯಾಕಿಂಗ್ ದಿನದ ರಫ್ ಒಂದ್ಸಲ ಹಾಕ್ತೀರಾ?” ಅಂತ ಕೇಳಿದ. ರಫ್ ಅಂದರೆ ನಮ್ಮ ಅಸಿಸ್ಟೆಂಟ್ ಸಂಜೆ ಮನೆಗೆ ಹೋಗುವ ಮುಂಚೆ ಗಡಿಬಿಡಿಯಲ್ಲಿ ಬೌನ್ಸ್ ಮಾಡಿಕೊಟ್ಟಿದ್ದು. ಡ್ರಮ್ ಮೇಲಿನ ಓವರ್‌ಹೆಡ್ ಮೈಕ್, ಎರಡು ರೂಮ್ ಮೈಕ್, ಗಿಟಾರ್, ಬಾಸ್, ವಾಯ್ಸ್, ಅಷ್ಟೇ. ಎಡಿಟ್ ಇಲ್ಲ, ಸ್ಯಾಂಪಲ್ ಇಲ್ಲ.

ನಾನು ಆರಾಮಾಗಿ ನಕ್ಕೆ. ಪ್ರತಿ ಬ್ಯಾಂಡ್‌ಗೂ ರಫ್ ಮೇಲೆ ಮೋಹ ಇರುತ್ತದೆ, ವಾರಗಟ್ಟಲೆ ಅದನ್ನೇ ಕೇಳಿ ಕಿವಿಗೆ ಅಂಟಿಕೊಂಡಿರುತ್ತದೆ. ಅದಕ್ಕೆ ನನ್ನ ಹತ್ತಿರ ಹಳೆಯ ಮದ್ದು ಇದೆ. “ಹಾಕೋಣ, ಆದರೆ ಲೆವೆಲ್ ಮ್ಯಾಚ್ ಮಾಡಿ ಹಾಕೋಣ” ಅಂದೆ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನುವುದು ಕಿವಿಯ ಚಾಳಿ, ಅದು ಇದು ಅಂತ ಒಂದು ಸಣ್ಣ ಭಾಷಣವನ್ನೂ ಬಿಗಿದೆ. ಮ್ಯಾನೇಜರ್ ಹೌದು ಹೌದು ಅಂತ ತಲೆಯಾಡಿಸಿದರು. ಬ್ಲಾಸ್ಟ್ ಭಾಗ ಹಿಡಿದು ಎರಡನ್ನೂ ಒಂದೇ ಲೆವೆಲ್‌ಗೆ ತಂದೆ. ನನ್ನದನ್ನು ತುಂಬಾ ಇಳಿಸಬೇಕಾಯಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ರಫ್ ಹಾಕಿದೆ. ಬ್ಲಾಸ್ಟ್ ಗಲೀಜಾಗಿತ್ತು, ಕಿಕ್ ಕೇಳುತ್ತಲೇ ಇರಲಿಲ್ಲ. ನೋಡಿದಿರಾ ಅನ್ನುವ ಮುಖ ಮಾಡಿ ಕುರ್ಚಿ ತಿರುಗಿಸಿದೆ. ಹಾಡು ನಿಂತಿತು. ಗಾಯಕನ ಸಾಲು. ಮೊದಲ ಸ್ನೇರ್ ಬಿತ್ತು ನೋಡಿ, ಐದು ಕುತ್ತಿಗೆಯೂ ಒಟ್ಟಿಗೆ ಹೋಯಿತು. ಮ್ಯಾನೇಜರದ್ದೂ. ಅವರು ಈ ಸಂಗೀತ ಕೇಳುವವರೇ ಅಲ್ಲ.

ನಾನು ಸುಮ್ಮನಿರಬೇಕಿತ್ತು. ಇಲ್ಲ, “ಮ್ಯಾಚ್ ಮಾಡಿದ ಜಾಗ ಸರಿ ಇಲ್ಲ ಅನ್ಸುತ್ತೆ” ಅಂತ ಬ್ರೇಕ್‌ಡೌನ್ ಭಾಗ ಹಿಡಿದು ಮತ್ತೆ ಮ್ಯಾಚ್ ಮಾಡಿದೆ. ಈಗ ರಫ್‌ನ ಬ್ಲಾಸ್ಟ್ ಇನ್ನೂ ಸಣ್ಣದಾಯಿತು, ಆದರೂ ಅದರ ಮುಂದೆ ಬ್ರೇಕ್‌ಡೌನ್ ಅಷ್ಟೇ ದೊಡ್ಡದಾಗಿ ಬಂತು. ನನ್ನ ಭಾಷಣ ನನಗೇ ತಿರುಗಿ ಬಿದ್ದಿತ್ತು. ಕೋಣೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಅಸಿಸ್ಟೆಂಟ್ ಮಾತ್ರ ಕೇಬಲ್ ಸುತ್ತುವ ನೆಪ ಮಾಡಿಕೊಂಡು ಹೊರಗೆ ಹೋದ. ಡ್ರಮ್ಮರ್ ಮೊದಲ ಸಲ ಬಾಯಿ ಬಿಟ್ಟ: “ಸರ್, ನಾನು ಬ್ಲಾಸ್ಟ್‌ನಲ್ಲಿ ಬೇಕು ಅಂತಾನೇ ತಡೆದು ಹೊಡೀತೀನಿ. ಅಲ್ಲೇ ಎಲ್ಲಾ ಕೊಟ್ಟುಬಿಟ್ರೆ ಬ್ರೇಕ್‌ಡೌನ್‌ಗೆ ಏನ್ ಕೊಡ್ಲಿ?”

ವಿಷಯ ಇಷ್ಟೇ ಆಗಿತ್ತು. ಮೆತ್ತಗಿನ ಏಟಿಗೂ ಜೋರಿನ ಏಟಿಗೂ ನಾನು ಒಂದೇ ಸ್ಯಾಂಪಲ್, ಒಂದೇ ವೆಲಾಸಿಟಿ (ಏಟಿನ ಜೋರು) ಕೊಟ್ಟಿದ್ದೆ. ಬ್ಲಾಸ್ಟೇ ಚಾವಣಿ ಮುಟ್ಟಿದ ಮೇಲೆ ಬ್ರೇಕ್‌ಡೌನ್ ಹತ್ತುವುದೆಲ್ಲಿಗೆ? ಅದರ ಮೇಲೆ ಆ ಬಾಸ್ ಡ್ರಾಪ್. ಅದು 40-50 ಹರ್ಟ್ಸ್‌ನಲ್ಲಿ ಉದ್ದಕ್ಕೆ ಇಳಿಯುತ್ತದೆ, ಲಿಮಿಟರ್‌ನ ಹೆಡ್‌ರೂಮ್, ಅಂದರೆ ಮಿತಿಯವರೆಗೆ ಉಳಿದ ಜಾಗ, ಎಲ್ಲಾ ಅದೇ ತಿನ್ನುತ್ತದೆ. ಮೊದಲ ಸ್ನೇರ್ ಬೀಳುವ ಕ್ಷಣಕ್ಕೆ ಸರಿಯಾಗಿ ಲಿಮಿಟರ್ ಇಡೀ ಮಿಕ್ಸನ್ನು ಕೆಳಗೆ ಒತ್ತುತ್ತಿತ್ತು. ಭಾರ ಬರಲಿ ಅಂತ ಇಟ್ಟದ್ದೇ ಏಟನ್ನು ನುಂಗುತ್ತಿತ್ತು.

ಆದರೂ ನಾನು ಒಂದು ಕೊನೆಯ ವಾದ ಹೂಡಿದೆ. ಹಾಡು ಹಾಡಿಗೆ, ಭಾಗ ಭಾಗಕ್ಕೆ ಡ್ರಮ್ ಬದಲಾದರೆ ಆಲ್ಬಮ್ ಒಂದೇ ಅನ್ನಿಸುವುದಿಲ್ಲ ಅಂತ. ಬಾಸಿಸ್ಟ್ ಬ್ರಿಟನ್ನಿನ ಬ್ಯಾಂಡ್ ನೇಪಾಮ್ ಡೆತ್‌ನ ‘ಸ್ಕಮ್’ ಆಲ್ಬಮ್ ಹೆಸರು ಎತ್ತಿದ. ನನಗೆ ಉತ್ತರ ಇರಲಿಲ್ಲ. 1987ರಲ್ಲಿ ಬಂದ ಆ ರೆಕಾರ್ಡ್‌ನ ಮೊದಲ ಸೈಡ್ 1986ರ ಆಗಸ್ಟ್‌ನಲ್ಲಿ ಆದದ್ದು, ಎರಡನೆಯದು 1987ರ ಮೇನಲ್ಲಿ. ಗಾಯಕ ಬೇರೆ, ಗಿಟಾರಿಸ್ಟ್ ಬೇರೆ, ಬಾಸ್ ಬೇರೆ. ಎರಡೂ ಕಡೆ ಇರುವುದು ಡ್ರಮ್ಮರ್ ಮಿಕ್ ಹ್ಯಾರಿಸ್ ಒಬ್ಬರೇ. ಗ್ರೈಂಡ್‌ಕೋರ್ ಅಂದರೆ ಮೊದಲು ತೋರಿಸುವ ಆಲ್ಬಮ್‌ಗಳಲ್ಲಿ ಅದೂ ಒಂದು, ಇವತ್ತಿಗೂ ಅದನ್ನು ಯಾರೂ ಎರಡು ತುಂಡು ಅನ್ನುವುದಿಲ್ಲ. ಬ್ಲಾಸ್ಟ್ ಬೀಟ್ ಅನ್ನುವ ಹೆಸರು ಚಾಲ್ತಿಗೆ ತಂದವರು ಅಂತ ಹೇಳುವುದೂ ಅದೇ ಹ್ಯಾರಿಸ್ ಅವರನ್ನೇ. ಬಾರಿಸುವ ಕೈ ಒಂದೇ ಆಗಿದ್ದರೆ ಸಾಕಾಗುತ್ತದೆ. ನಾನು ಆ ಕೈಯನ್ನೇ ಅಳಿಸಿ, ಎಲ್ಲಾ ಒಂದೇ ಥರ ಕೇಳುತ್ತಿದೆ ಅಂತ ಖುಷಿಪಟ್ಟಿದ್ದೆ.

ಆಮೇಲೆ ಮಾಡಿದ್ದನ್ನು ಹೇಳುತ್ತೇನೆ, ಬೇಕಾದವರು ಬಳಸಿಕೊಳ್ಳಿ. ಗ್ರಿಡ್ ತೆಗೆದೆ, ಎಡವಿದ ಜಾಗಗಳನ್ನಷ್ಟೇ ಕೈಯಲ್ಲಿ ಸರಿಮಾಡಿದೆ. ಶುದ್ಧ ಡೆತ್ ಮೆಟಲ್ ಹಾಡುಗಳಲ್ಲಿ ಕಿಕ್ ಸ್ಯಾಂಪಲ್ ಉಳಿಯಿತು, ಅಲ್ಲಿ ಅದು ಬೇಕೇ ಬೇಕು. ಬ್ಲಾಸ್ಟ್‌ಗಳಲ್ಲಿ ಸ್ನೇರ್ ಸ್ಯಾಂಪಲ್ ಅಸಲಿಯ ಹಿಂದೆ ತೆಳ್ಳಗೆ, ವೆಲಾಸಿಟಿ ಅಸಲಿ ಏಟನ್ನೇ ಹಿಂಬಾಲಿಸುವ ಹಾಗೆ. ಬ್ರೇಕ್‌ಡೌನ್‌ನಲ್ಲಿ ಸ್ಯಾಂಪಲ್ ಪೂರ್ತಿ ಮ್ಯೂಟ್, ರೂಮ್ ಮೈಕ್ ಮೇಲೆ. ಕೋಣೆ ಕೇಳಿದರೇನೇ ಹಾರ್ಡ್‌ಕೋರ್‌ಗೆ ಮೈ ಬರುವುದು, ಅಮೆರಿಕದ ಸೇಲಂನ ಗಾಡ್‌ಸಿಟಿ ಸ್ಟುಡಿಯೋದಲ್ಲಿ ಪ್ರೊಡ್ಯೂಸರ್ ಕರ್ಟ್ ಬಲೂ ರೆಕಾರ್ಡ್ ಮಾಡಿದ್ದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಸ್ ಡ್ರಾಪ್ ಒಂದೇ ಒಂದು ಕಡೆ ಬಿಟ್ಟು ಎಲ್ಲಾ ಕಿತ್ತೆ. ಬ್ಲಾಸ್ಟ್‌ನ ಕೊನೆಯ ಎರಡು ಬಾರ್‌ನಲ್ಲಿ ಇಡೀ ಮಿಕ್ಸ್ ಒಂದು ಡಿಬಿ ಕೆಳಗೆ ಜಾರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಕುತ್ತಿಗೆಗೆ ಮಾತ್ರ ಗೊತ್ತಾಗುತ್ತದೆ.

ಗಿಟಾರ್ ಕಥೆ ಬೇರೆ. ಒಬ್ಬ ಗಿಟಾರಿಸ್ಟ್ ಬಾಸ್ (Boss) ಕಂಪನಿಯ ಎಚ್‌ಎಂ-2 ಡಿಸ್ಟಾರ್ಷನ್ ಪೆಡಲ್‌ನ ಎಲ್ಲಾ ನಾಬ್ ಕೊನೆಯವರೆಗೆ ತಿರುಗಿಸಿ ಇಟ್ಟಿದ್ದ, ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಿಂದ ಬಂದ ಆ ಗರಗಸದ ಸೌಂಡ್. ಅದು ಒಂದು ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕಾಲು ಚಾಚಿ ಮಲಗುತ್ತದೆ, ಗಾಯಕನ ಕೂಗಿಗೂ ಅಲ್ಲೇ ಜಾಗ ಬೇಕು. ಇನ್ನೊಬ್ಬನ ಟೋನ್ ಬಿಗಿಯಾಗಿ, ಒಣಗಿದ ಹಾಗೆ. ಕೊನೆಗೆ ಗರಗಸವನ್ನು ಎಡಕ್ಕೆ ಪೂರ್ತಿ ತಳ್ಳಿ, ಕೂಗು ಇರುವ ಕಡೆಯೆಲ್ಲ ಅದು ತಾನಾಗಿ ಜಾಗ ಬಿಡುವ ಹಾಗೆ ಆಟೊಮೇಷನ್ ಬರೆದೆ. ಇದಕ್ಕೆ ಶಾರ್ಟ್‌ಕಟ್ ಇಲ್ಲ. ಯಾರಾದರೂ ಇದೆ ಅಂದರೆ ಪ್ಲಗಿನ್ ಮಾರುತ್ತಿದ್ದಾರೆ ಅಂತ ಅರ್ಥ.

ಲೇಬಲ್‌ನವರಿಗೆ ಲೌಡ್ ಬೇಕು ಅನ್ನುವುದು ಹೋಗಲಿಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೈನಸ್ 14 ಲಫ್ಸ್ (LUFS, ಕಿವಿಗೆ ಕೇಳುವ ಜೋರಿನ ಅಳತೆ) ಹತ್ತಿರಕ್ಕೆ ಎಲ್ಲರನ್ನೂ ಎಳೆದು ನಿಲ್ಲಿಸುತ್ತದೆ, ನಾವು ಮೈನಸ್ 6ಕ್ಕೆ ಒತ್ತಿ ಕಳಿಸಿದರೆ ಅವರು ಇಳಿಸುತ್ತಾರೆ, ಒತ್ತಿದ ಗಾಯ ಮಾತ್ರ ನಮಗೆ ಉಳಿಯುತ್ತದೆ ಅಂತ ಹೇಳಿದೆ. ಮೇಲ್‌ನಲ್ಲಿ ಒಂದು ಸಲ, ಫೋನ್‌ನಲ್ಲಿ ಇನ್ನೊಂದು ಸಲ. ಕೊನೆಗೆ ಹೊಸ ಮಿಕ್ಸ್‌ನ ಆ ಬ್ರೇಕ್‌ಡೌನ್ ಕೇಳಿಸಿದ ಮೇಲೆ, “ಈಗ ಲೌಡ್ ಆಯ್ತು ನೋಡಿ” ಅಂದರು. ಮೀಟರ್‌ನಲ್ಲಿ ಹಿಂದಿನದಕ್ಕಿಂತ ಎರಡು ಡಿಬಿ ಕಡಿಮೆ ಇತ್ತು. ನಾನು ಹೌದು ಅಂದೆ. ಅವರ ಮುಂದಿನ ದೂರು, 30 ಸೆಕೆಂಡ್ ದಾಟದಿದ್ದರೆ ಸ್ಟ್ರೀಮ್ ಲೆಕ್ಕಕ್ಕೆ ಬರುವುದಿಲ್ಲ, ಚಿಕ್ಕ ಹಾಡುಗಳನ್ನು ಒಂದಕ್ಕೊಂದು ಸೇರಿಸೋಣವಾ ಅಂತ. ಅದನ್ನು ಬ್ಯಾಂಡ್‌ನವರೇ ನೋಡಿಕೊಂಡರು, ಮಾತು ಸ್ವಲ್ಪ ಜೋರಾಗಿಯೇ ಆಯಿತು.

ಆ ಮೂರು ಸೆಕೆಂಡಿನ ಹಾಡು ಕೊನೆಗೂ ಒಂದು ಕಾಟ ಕೊಟ್ಟಿತು. ಸಿಡಿಯ ರೆಡ್ ಬುಕ್ ನಿಯಮದಲ್ಲಿ ಟ್ರ್ಯಾಕ್ ಕನಿಷ್ಠ 4 ಸೆಕೆಂಡ್ ಇರಬೇಕು. ಡಿಡಿಪಿ (ಸಿಡಿ ಫ್ಯಾಕ್ಟರಿಗೆ ಕಳಿಸುವ ಮಾಸ್ಟರ್ ಫೈಲ್) ಚೆಕ್‌ನಲ್ಲಿ ಕೆಂಪು ಬಂತು. ಬಾಲಕ್ಕೆ ಒಂದು ಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಮೌನ ಸೇರಿಸಿದೆ, ಮುಂದಿನ ಹಾಡಿನ ಎಂಟ್ರಿ ಹಾಳಾಯಿತು. ಮೌನದ ಬದಲು ಗಿಟಾರ್ ಫೀಡ್‌ಬ್ಯಾಕ್ ಎಳೆದು ತುಂಬಿಸಿದೆ, ಸರಿಹೋಯಿತು. ಡ್ರಮ್ಮರ್‌ಗೆ ಅದೇ ಈಗ ಆಲ್ಬಮ್‌ನ ಇಷ್ಟದ ಜಾಗ ಅಂತೆ.

ಮ್ಯಾನೇಜರ್ ಈ ಸೆಷನ್ನನ್ನೂ ಟೆಂಪ್ಲೇಟ್ ಮಾಡಿಡಿ ಅಂದಿದ್ದಾರೆ. ಮಾಡಿಟ್ಟಿದ್ದೇನೆ: ಟ್ರ್ಯಾಕ್ ಹೆಸರು, ಬಣ್ಣ, ರೂಟಿಂಗ್ ಅಷ್ಟೇ, ಒಂದೂ ಸ್ಯಾಂಪಲ್ ಇಲ್ಲ. ಇದರಲ್ಲಿ ಏನಿದೆ ಅಂತ ಕೇಳಿದರು. ರಿಕಾಲ್‌ಗೆ, ಅಂದರೆ ಮಿಕ್ಸ್ ಮತ್ತೆ ತೆರೆದು ತಿದ್ದುವುದಕ್ಕೆ, ಹಿಡಿದ ದಿನಗಳ ದುಡ್ಡು ಲೇಬಲ್ ಕೊಡಬೇಕಾ, ಸ್ಟುಡಿಯೋ ನುಂಗಬೇಕಾ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ, ನನ್ನ ಓವರ್‌ಟೈಮ್ ಕೂಡ ಅಲ್ಲೇ ಸಿಕ್ಕಿಕೊಂಡಿದೆ.