ಭಾವನ ಸಮಯ ಇನ್ನೂ ಬಂದಿಲ್ಲವಂತೆ

11 ನವೆಂಬರ್ 2025, ಮಂಗಳವಾರ, ರಾತ್ರಿ

ಭಾವ ಫೋನ್ ಮಾಡಿದ್ದರು. ಅಕ್ಕ ಹೇಳಿ ಮಾಡಿಸಿದ್ದಲ್ಲ, ಅವರಾಗಿಯೇ ಮಾಡಿದ್ದು. ಅವರ ತಾಯಿ ತೀರಿಕೊಂಡ ಮೇಲೆ ನಾವಿಬ್ಬರೂ ಸರಿಯಾಗಿ ಕೂತು ಮಾತಾಡಿರಲೇ ಇಲ್ಲ. ಅದೂ ಇದೂ ಮಾತಾಡಿ, ಸುತ್ತಿ ಬಳಸಿ, ಕೊನೆಗೆ ಕೇಳಿದರು: "ನಿಮ್ಮ ಮೇಷ್ಟ್ರು ನನ್ನನ್ನ ಏನಂತ ತಿಳ್ಕೊಂಡಿದ್ದಾರೆ?"

ನಮಗೆ ಧ್ಯಾನ ಹೇಳಿಕೊಡುವ ಮೇಷ್ಟ್ರು, ತಾಯಿ ಹೋದಾಗ ಭಾವನನ್ನು ಮಾತಾಡಿಸಲು ನಮ್ಮ ಧ್ಯಾನದ ಗುಂಪಿನವರ ಜೊತೆ ಬಂದಿದ್ದರಲ್ಲ, ಹೊರಡುವಾಗ ಭಾವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರಂತೆ: "ನಿಮ್ಮ ಸಮಯ ಇನ್ನೂ ಬಂದಿಲ್ಲ. ಬರುತ್ತೆ ಬಿಡಿ. ಇಂಥ ಪೆಟ್ಟು ಬಿದ್ದಾಗಲೇ ಒಳಗಿನ ಬಾಗಿಲು ತೆರೆಯೋದು." ಪ್ರೀತಿಯಿಂದಲೇ ಹೇಳಿರುತ್ತಾರೆ. ಮೇಷ್ಟ್ರು ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡಿದವರಲ್ಲ.

ಭಾವ ಹೇಳಿದ್ದನ್ನು ಮರೆಯುವ ಮೊದಲೇ ಬರೆದಿಡುತ್ತೇನೆ. "ನನಗೆ ಅಮ್ಮ ಹೋದ ದುಃಖ ಇದೆ ಕಣಮ್ಮ. ಅದು ಬರೀ ದುಃಖ. ಅದನ್ನ ಅವರು ಯಾವುದೋ ದಾರಿಯ ಮೊದಲ ಮೆಟ್ಟಿಲು ಮಾಡಿಬಿಟ್ರು. ನನ್ನ ಜೊತೆ ಜಗಳ ಆಡಿದ್ರೆ ಪರವಾಗಿರಲಿಲ್ಲ. ಜಗಳ ಆಡೋರು ನನ್ನ ಮಾತನ್ನ ಮಾತು ಅಂತಾದ್ರೂ ತಗೋತಾರೆ."

ನಾನು ಏನೂ ಹೇಳಲಿಲ್ಲ. ಏನು ಹೇಳೋದು?

ಭಾವನ ಹಾಗೆ ದೇವರಿಲ್ಲ, ಆತ್ಮ ಇಲ್ಲ, ಸತ್ತ ಮೇಲೆ ಏನೂ ಇಲ್ಲ ಅನ್ನುವವರನ್ನು ನಮ್ಮಂಥವರು ಬೈಯುವುದು ಈಗ ಕಡಿಮೆ. ಅದರ ಬದಲು ಕಾಯುತ್ತೇವೆ. ನಗುನಗುತ್ತಾ ಕಾಯುತ್ತೇವೆ. ಅವರು ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿದ್ದಾರೆ ಅಂತ ನಮಗೆ ಅನಿಸುವುದೇ ಇಲ್ಲ, ಇನ್ನೂ ಅನುಭವ ಆಗಿಲ್ಲ, ಅಹಂಕಾರ ಕರಗಿಲ್ಲ, ಪೆಟ್ಟು ಬಿದ್ದಿಲ್ಲ ಅಂತ ಒಂದೊಂದು ಕಾರಣ ಹುಡುಕುತ್ತೇವೆ. ಅವರು ಯಾವಾಗಲೂ ನಮ್ಮದೇ ದಾರಿಯಲ್ಲಿ, ಆದರೆ ನಮಗಿಂತ ಹಿಂದೆ. ಇದಕ್ಕೆ ಸಹನೆ ಅಂತ ಬೇರೆ ಹೆಸರು ಕೊಟ್ಟುಕೊಂಡಿದ್ದೇವೆ. ನನಗಂತೂ ಬೈಗುಳವೇ ಇದಕ್ಕಿಂತ ಪ್ರಾಮಾಣಿಕ ಅನಿಸುತ್ತಿದೆ ಇವತ್ತು.

ಫೋನ್ ಇಟ್ಟ ಮೇಲೆ ಹೌಡಿನಿ ನೆನಪಾದ. ಕೈಕೋಳ ಬಿಡಿಸಿಕೊಳ್ಳುತ್ತಿದ್ದ ಜಾದೂಗಾರ. ಅವನಿಗೂ ಷರ್ಲಾಕ್ ಹೋಮ್ಸ್ ಕಥೆಗಳ ಕಾನನ್ ಡಾಯ್ಲ್‌ಗೂ ಒಳ್ಳೆಯ ಸ್ನೇಹ ಇತ್ತು. ಡಾಯ್ಲ್ ಸತ್ತವರ ಜೊತೆ ಮಾತಾಡಬಹುದು ಎಂದು ಗಟ್ಟಿಯಾಗಿ ನಂಬಿದ್ದವರು, ಹೌಡಿನಿ ಅಂಥ ಮೋಸಗಳನ್ನು ಬಯಲಿಗೆಳೆಯುತ್ತಿದ್ದವನು. ಹೌಡಿನಿಯ ತಾಯಿ 1913ರಲ್ಲಿ ಹೋಗಿದ್ದರು, ಆ ನೋವು ಅವನನ್ನು ಬಿಟ್ಟಿರಲಿಲ್ಲ. ಡಾಯ್ಲ್ ಕೂಡ 1918ರಲ್ಲಿ ಮಗನನ್ನು ಕಳೆದುಕೊಂಡಿದ್ದರು. 1922ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡಾಯ್ಲ್ ಅವರ ಹೆಂಡತಿ ಹೌಡಿನಿಯ ಮುಂದೆ ಕೂತು, ಅವನ ತಾಯಿಯ ಆತ್ಮವೇ ಬರೆಸುತ್ತಿದೆ ಎಂದು ಪುಟಗಟ್ಟಲೆ ಬರೆದುಕೊಟ್ಟರು. ಬರೆದದ್ದು ಇಂಗ್ಲಿಷಿನಲ್ಲಿ. ಮೇಲೆ ಒಂದು ಶಿಲುಬೆ. ಆ ತಾಯಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಲೇ ಇರಲಿಲ್ಲ, ಆಕೆ ಯಹೂದಿ ಧರ್ಮಗುರುವಿನ ಹೆಂಡತಿ. ಹೌಡಿನಿ ನಂತರ ಇದು ನನ್ನ ತಾಯಿಯದಲ್ಲ ಎಂದು ಬಹಿರಂಗವಾಗಿ ಹೇಳಿದ, ಸ್ನೇಹ ಮುರಿದುಬಿತ್ತು.

ನನ್ನನ್ನು ಕಾಡುವುದು ಜಗಳವಲ್ಲ, ಅದರ ಆಮೇಲಿನದು. 1926ರಲ್ಲಿ ಹೌಡಿನಿ ಸತ್ತ ಮೇಲೆ ಡಾಯ್ಲ್ ಬರೆದದ್ದು ಏನು ಗೊತ್ತಾ, ಅವನಿಗೇ ಅತೀಂದ್ರಿಯ ಶಕ್ತಿ ಇತ್ತು, ಬೀಗಗಳಿಂದ ತಪ್ಪಿಸಿಕೊಳ್ಳುತ್ತಿದ್ದದ್ದು ಅದರಿಂದಲೇ ಇರಬೇಕು ಅಂತ! ಬದುಕಿಡೀ ಇದು ಬರೀ ಕೈಚಳಕ, ಅಭ್ಯಾಸ ಎಂದವನನ್ನು ಸತ್ತ ಮೇಲೆ ತಮ್ಮ ಪಂಗಡಕ್ಕೆ ಸೇರಿಸಿಕೊಂಡುಬಿಟ್ಟರು. ನಗು ಬರುತ್ತೆ, ಆದರೆ ಮೇಷ್ಟ್ರು ಮಾಡಿದ್ದೂ ಅದೇ ಅಲ್ವಾ? ಇವರು ಎದುರಿನವರು ಸಾಯುವವರೆಗೂ ಕಾಯಲಿಲ್ಲ ಅಷ್ಟೇ.

ಎಲ್ಲರೂ ಹೀಗೇ ಅಂತಲ್ಲ. ರಾಮಕೃಷ್ಣ ಪರಮಹಂಸರಿಗೆ 1885ರಲ್ಲಿ ಗಂಟಲಿನ ಕಾಯಿಲೆ ಜೋರಾದಾಗ ನೋಡಲು ಬರುತ್ತಿದ್ದ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಇದ್ದರಲ್ಲ. 1876ರಲ್ಲಿ ವಿಜ್ಞಾನ ಸಂಸ್ಥೆ ಕಟ್ಟಿದವರು, ಮುಂದೆ ಸಿ.ವಿ. ರಾಮನ್ ಕೆಲಸ ಮಾಡಿದ್ದು ಅಲ್ಲೇ. ದೇವರೇ ಇಲ್ಲ ಅನ್ನುವವರಲ್ಲ ಅವರು, ಆದರೆ ಮನುಷ್ಯನನ್ನು ಅವತಾರ ಎಂದು ಪೂಜಿಸುವುದನ್ನು ಒಪ್ಪುತ್ತಿರಲಿಲ್ಲ, ಶಿಷ್ಯರ ಎದುರಿಗೇ ಹಾಗೆ ಹೇಳುತ್ತಿದ್ದರು. (ಅಲೋಪತಿ ಬಿಟ್ಟು ಹೋಮಿಯೋಪತಿಗೆ ಹೋದವರು ಎಂದು ಹೇಳಿದರೆ ಭಾವ ಅವರನ್ನೂ ಬಿಡುವುದಿಲ್ಲ.) ಯಾರ ಹತ್ತಿರವೂ ಜಾಸ್ತಿ ಮಾತಾಡಬೇಡಿ, ನನ್ನ ಹತ್ತಿರ ಮಾತ್ರ ಮಾತಾಡಿ ಎಂದು ರೋಗಿಗೆ ಹೇಳಿ, ತಾವೇ ಗಂಟೆಗಟ್ಟಲೆ ಕೂರುತ್ತಿದ್ದರಂತೆ. ಪರಮಹಂಸರಿಗೂ ಅವರು ಬಂದರೆ ಖುಷಿ. ಅವರಿಬ್ಬರ ಮಾತು ಓದುವಾಗ ನನಗೆ ಹಿಡಿಸುವುದು ಆ ಕೀಟಲೆ, ವಾದ, ನಗು.

ಗಾಂಧಿ, ಗೋರಾ ಕೂಡ. ಗೋರಾ ಆಂಧ್ರದ ಸಮಾಜ ಸುಧಾರಕರು, ಕಟ್ಟಾ ನಾಸ್ತಿಕ. ಅವರ ಮಗಳು ದಲಿತ ಹುಡುಗನನ್ನು ಮದುವೆಯಾಗುವಾಗ ಸೇವಾಗ್ರಾಮದಲ್ಲೇ ಆಗಲಿ ಎಂದು ಗಾಂಧಿ ಒಪ್ಪಿದ್ದರು, ದೇವರ ಹೆಸರು ಬೇಡ, ಅಲ್ಲಿ ಸತ್ಯ ಅಂತ ಹೇಳೋಣ ಅನ್ನುವುದಕ್ಕೂ ಒಪ್ಪಿದ್ದರು. ದಿನವೂ ಪ್ರಾರ್ಥನೆ ಮಾಡುತ್ತಿದ್ದ ಮನುಷ್ಯ! ಮದುವೆ 1948ರ ಮಾರ್ಚ್‌ನಲ್ಲಿ ಆಯಿತು, ಅಷ್ಟರಲ್ಲಿ ಗಾಂಧಿ ಇರಲಿಲ್ಲ.

ಭಾವನೇನೂ ಸಾಚಾ ಅಲ್ಲ, ಅದನ್ನೂ ಬರೆಯಬೇಕು. ನನ್ನ ಧ್ಯಾನದ ವಿಷಯ ಬಂದಾಗಲೆಲ್ಲ "ಅದು ಮಿದುಳಿನ ರಾಸಾಯನಿಕ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದೂ ಕೋಪ ಬರಿಸುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ: ದೇಹದಿಂದ ಹುಟ್ಟಿದ್ದು ಎನ್ನುವ ಕಾರಣಕ್ಕೆ ಭಕ್ತನ ಅನುಭವ ಸುಳ್ಳಾದರೆ, ನಾಸ್ತಿಕನ ಅನುಮಾನವೂ ದೇಹದಿಂದಲೇ ಹುಟ್ಟಿದ್ದು ತಾನೇ. ಇದನ್ನು ಭಾವನಿಗೆ ಹೇಳಲು ಇವತ್ತು ಮನಸ್ಸಾಗಲಿಲ್ಲ. ತಾಯಿ ಹೋದವರ ಹತ್ತಿರ ಗೆಲ್ಲುವುದೇನು.

ಅಕ್ಕ ಮಧ್ಯೆ ಫೋನ್ ಕಿತ್ತುಕೊಂಡು "ಇವರಿಗೆ ನಿದ್ದೆ ಬರ್ತಿಲ್ಲ ಕಣೇ" ಅಂದಳು.

ಆಮೇಲೆ ಭಾವ ಮತ್ತೆ ಫೋನ್ ತೆಗೆದುಕೊಂಡು, ಸ್ವಲ್ಪ ಸಂಕೋಚದಿಂದ, ಭಾನುವಾರ ನಿಮ್ಮ ಜೊತೆ ನಾನೂ ಬಂದು ಕೂರಬಹುದಾ ಅಂದರು. "ಏನೂ ನಂಬಲ್ಲ. ಸುಮ್ನೆ ಕೂತ್ಕೋತೀನಿ. ಒಂದು ಗಂಟೆ ಯಾರೂ ನನ್ನ ಸಮಾಧಾನ ಮಾಡದ ಜಾಗ ಬೇಕು."

ಬನ್ನಿ ಅಂದೆ. ಹೇಳಿದ ಮೇಲೆ ಹೊಟ್ಟೆಯಲ್ಲಿ ಸಂಕಟ. ಭಾವ ಬಾಗಿಲಲ್ಲಿ ಕಾಣಿಸಿದ ತಕ್ಷಣ ಮೇಷ್ಟ್ರ ಮುಖ ಹೇಗಾಗುತ್ತೆ ಅಂತ ನನಗೆ ಗೊತ್ತು, ನಮ್ಮವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಆ ನೋಟವೊಂದು ಸಾಕು, ಭಾವ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ. ಮೊದಲೇ ಮೇಷ್ಟ್ರಿಗೆ ಫೋನ್ ಮಾಡಿ ಹೇಳಬೇಕು. ಆದರೆ ಏನಂತ? ಮೇಷ್ಟ್ರೇ, ಅವರು ಬರ್ತಿದ್ದಾರೆ, ಆದರೆ ಬರ್ತಿಲ್ಲ ಅಂತ ತಿಳ್ಕೊಳ್ಳಿ ಅನ್ನಲಾ? ಅವರು ನಗುತ್ತಾರೆ, "ಆಯ್ತಮ್ಮ, ಆಯ್ತು" ಅನ್ನುತ್ತಾರೆ, ಆ "ಆಯ್ತು" ಎಂಥದ್ದು ಅಂತ ನಿಮಗೂ ಗೊತ್ತಲ್ಲ. ಅಥವಾ ಭಾವನಿಗೇ ಬೇರೆ ದಿನ, ಯಾರೂ ಇಲ್ಲದಾಗ, ನಾವಿಬ್ಬರೇ