ಹೊಳೆ ಬದಿಯ ರೆಸಾರ್ಟು: ರಾತ್ರಿಯ ಊಟ ಬೆಳಿಗ್ಗೆ ಹತ್ತಕ್ಕೇ ಹೇಳಿ

ಉಡುಪಿಯಿಂದ ಕುಂದಾಪುರ ದಾಟಿ ಮರವಂತೆಯವರೆಗೆ ನೀರಿಗೆ ಮುಖ ಮಾಡಿದ ರೆಸಾರ್ಟು, ಹೋಮ್‌ಸ್ಟೇಗಳಿಗೆ ಬರವಿಲ್ಲ. ಕೋಡಿ ಬೆಂಗ್ರೆಯಲ್ಲಿ ಸುವರ್ಣಾ, ಸೀತಾ ನದಿಗಳು ಸಮುದ್ರ ಸೇರುತ್ತವೆ. ಕುಂದಾಪುರ–ಗಂಗೊಳ್ಳಿ ನಡುವೆ ಪಂಚಗಂಗಾವಳಿಯ ಅಗಲವಾದ ಹಿನ್ನೀರು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ವಾರಾಂತ್ಯಕ್ಕೆ ಬರುವವರು ಕೋಣೆಯಿಂದ ನೀರು ಕಾಣುತ್ತದೆಯೇ ಎಂದು ನಾಲ್ಕು ಸಲ ಫೋನ್ ಮಾಡಿ ಕೇಳುತ್ತಾರೆ. ಊಟದ ವಿಚಾರ ಮಾತ್ರ ಮೇಜಿನ ಮುಂದೆ ಕೂತ ಮೇಲೆಯೇ ನೆನಪಾಗುವುದು. ಅಷ್ಟರಲ್ಲಿ ಅಡುಗೆಮನೆಯ ಲೆಕ್ಕ ಮುಗಿದಿರುತ್ತದೆ.

ಹತ್ತಿಪ್ಪತ್ತು ಕೋಣೆಗಳ ಜಾಗದಲ್ಲಿ ಮೀನು ತರುವುದು ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಬೆಳಿಗ್ಗೆ, ಮಲ್ಪೆ ಅಥವಾ ಗಂಗೊಳ್ಳಿ ಬಂದರಿನಿಂದ. ಎಷ್ಟು ಮಂದಿ, ಏನು ತಿನ್ನುತ್ತಾರೆ ಎಂದು ಗೊತ್ತಿದ್ದರೆ ಅಷ್ಟೇ ತರುತ್ತಾರೆ. ಗೊತ್ತಿಲ್ಲದಿದ್ದರೆ ಫ್ರೀಜರ್ ಇದ್ದೇ ಇದೆ. ಹಾಗಾಗಿ ಶನಿವಾರ ಬೆಳಿಗ್ಗೆ ಹತ್ತರೊಳಗೆ, ನೀವಿನ್ನೂ ದಾರಿಯಲ್ಲಿದ್ದರೂ ಸರಿ, ಒಂದು ಫೋನ್ ಮಾಡಿ. ‘ಮೆನುವಿನಲ್ಲಿ ಏನೇನಿದೆ’ ಎಂದು ಕೇಳಬೇಡಿ, ‘ಇವತ್ತು ಏನು ಬಂದಿದೆ’ ಎಂದು ಕೇಳಿ. ಎರಡಕ್ಕೂ ಬರುವ ಉತ್ತರ ಬೇರೆ ಬೇರೆ.

ಕೆಲವು ಅಡುಗೆಗಳಿಗಂತೂ ಹೊತ್ತು ಬೇಕೇ ಬೇಕು. ಮರ್ವಾಯಿಯನ್ನು (ಹೊಳೆಯ ಚಿಪ್ಪುಮೀನು) ಉಪ್ಪುನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಒಳಗಿನ ಮರಳನ್ನು ಅದೇ ಕಕ್ಕುತ್ತದೆ. ಅವಸರದಲ್ಲಿ ಮಾಡಿದ ಮರ್ವಾಯಿ ಸುಕ್ಕದಲ್ಲಿ (ಕಾಯಿತುರಿಯ ಒಣ ಪಲ್ಯ) ಪ್ರತಿ ತುತ್ತಿಗೂ ಹಲ್ಲಡಿ ಮರಳು ಕರಕರ ಎನ್ನುತ್ತದೆ. ಕುಂದಾಪುರದಲ್ಲೇ ಹುಟ್ಟಿದ ಕೋಳಿ ತುಪ್ಪ ರೋಸ್ಟ್‌ಗೆ ಕೋಳಿ ಮೊಸರಿನಲ್ಲಿ ನೆನೆಯಬೇಕು, ಬ್ಯಾಡಗಿ ಮೆಣಸು ಹುರಿದು ರುಬ್ಬಬೇಕು, ಮಸಾಲೆ ತುಪ್ಪ ಬಿಡುವ ತನಕ ಬಾಣಲೆಯಲ್ಲಿ ಬಾಡಬೇಕು. ಆರ್ಡರ್ ಕೊಟ್ಟ ಇಪ್ಪತ್ತು ನಿಮಿಷಕ್ಕೆ ಬಂದ ತುಪ್ಪ ರೋಸ್ಟ್ ಎಂದರೆ ಬೇಯಿಸಿಟ್ಟ ಕೋಳಿಗೆ ಕೆಂಪು ಮಸಾಲೆ ಸವರಿದ್ದು ಅಂತಲೇ ತಿಳಿಯಿರಿ. ಏಡಿ ಜೀವಂತವಾಗಿಯೇ ಬರಬೇಕು. ಸತ್ತು ಹೊತ್ತಾದ ಏಡಿಯ ಮಾಂಸ ನೀರುನೀರಾಗಿ ಚಿಪ್ಪಿನಿಂದ ಜಾರುತ್ತದೆ. ತೋರಿಸಿ ಎಂದರೆ ತೋರಿಸುತ್ತಾರೆ, ಅದರಲ್ಲಿ ಸಂಕೋಚ ಬೇಡ. ಗಾತ್ರ ನೋಡಿ ಆರಿಸುವುದಕ್ಕಿಂತ ಕೈಯಲ್ಲಿ ಹಿಡಿದರೆ ಭಾರ ಅನಿಸುವುದನ್ನು ಆರಿಸಿ. ಈಚೆಗೆ ಚಿಪ್ಪು ಬಿಟ್ಟ ಏಡಿ ದೊಡ್ಡದಾಗಿ ಕಂಡರೂ ಒಳಗೆ ಟೊಳ್ಳು.

ಯಾವ ತಿಂಗಳು ಬರುತ್ತೀರಿ ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ನಾಡದೋಣಿಯವರು ಕಡಲು ಬಿಟ್ಟುಕೊಟ್ಟ ದಿನ ತಂದಷ್ಟೇ ತಾಜಾ ಮೀನು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಜೂನ್ ನಡುವಿನ ಬಳಿಕ ಆ ಕಡೆಯ ಮೀನು ಐಸ್ ಹಾಕಿಸಿಕೊಂಡು ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಜುಲೈಯಲ್ಲಿ ‘ಫ್ರೆಶ್ ಅಂಜಲ್’ (ಸುರ್ಮಾಯಿ ಮೀನು) ಎಂದು ಯಾರಾದರೂ ಹೇಳಿದರೆ ಒಮ್ಮೆ ಮುಗುಳ್ನಕ್ಕು ಬೇರೆ ಏನಿದೆ ಕೇಳಿ. ಮಳೆಗಾಲಕ್ಕೆ ಅದರದ್ದೇ ಊಟವಿದೆ: ಕೆಸುವಿನೆಲೆಯ ಪತ್ರೊಡೆ, ಕಳಲೆಯ ಪಲ್ಯ, ಒಣಮೀನಿನ ಚಟ್ನಿ, ಬಿಸಿ ಗಂಜಿ. ಪತ್ರೊಡೆ ತಿಂದಾಗ ಗಂಟಲು ಕೆರೆದರೆ ಹುಳಿ ಕಮ್ಮಿಯಾಗಿದೆ ಅಥವಾ ಬೆಂದಿಲ್ಲ ಎಂದರ್ಥ. ಮೀನಿಗೇ ಎಂದು ಬರುವವರಿಗೆ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಊಟದ ಪ್ಯಾಕೇಜಿನ ಬಗ್ಗೆ. ಕೋಣೆಯ ಜತೆ ತಿಂಡಿ ಮಾತ್ರ ಸೇರಿದ್ದು, ತಿಂಡಿ ಮತ್ತು ಒಂದು ಊಟ, ಮೂರು ಹೊತ್ತಿನದೂ ಸೇರಿದ್ದು, ಹೀಗೆ ಮೂರು ಬಗೆ ಇರುತ್ತವೆ. ಎರಡು ದಿನದ ಪ್ರವಾಸಕ್ಕೆ ಮೂರೂ ಹೊತ್ತಿನದು ಹೆಚ್ಚಿನವರಿಗೆ ನಷ್ಟ. ಚೆಕ್‌ಇನ್ ಒಂದಕ್ಕೋ ಎರಡಕ್ಕೋ, ಮಧ್ಯಾಹ್ನದ ಬಫೆ ಮೂರಕ್ಕೆ ಬಂದ್. ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ನಿಮ್ಮ ಊಟ ಹೋಯಿತು, ದುಡ್ಡು ವಾಪಸ್ ಬರುವುದಿಲ್ಲ. ಭಾನುವಾರ ಹನ್ನೊಂದಕ್ಕೆ ಕೋಣೆ ಬಿಡುವುದರಿಂದ ಎರಡನೆಯ ಮಧ್ಯಾಹ್ನದ ಊಟ ಲೆಕ್ಕಕ್ಕೇ ಇಲ್ಲ. ತಿಂಡಿ ಮಾತ್ರ ಸೇರಿದ್ದನ್ನು ತೆಗೆದುಕೊಂಡು, ರಾತ್ರಿಯದನ್ನು ಬೇಕಾದಂತೆ ಮಾಡಿಸಿಕೊಳ್ಳಿ. ಪೇಟೆಯಿಂದ ಹತ್ತು ಕಿಲೋಮೀಟರಿಗಿಂತ ದೂರ, ಸ್ವಂತ ಗಾಡಿಯೂ ಇಲ್ಲ ಎಂದಾದರೆ ರಾತ್ರಿ ಊಟ ಸೇರಿದ್ದೇ ವಾಸಿ.

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬರುವವರನ್ನು ರೈಲು ನಸುಕಿನಲ್ಲೇ ಉಡುಪಿ ಅಥವಾ ಕುಂದಾಪುರದಲ್ಲಿ ಇಳಿಸುತ್ತದೆ. ಕೋಣೆ ಸಿಗಲು ಇನ್ನೂ ಅರ್ಧ ದಿನ ಇರುತ್ತದೆ. ಆ ಬೆಳಗನ್ನು ಪೇಟೆಯ ಹೋಟೆಲುಗಳಿಗೆ ಕೊಡಿ. ಬನ್ಸ್, ಗೋಳಿಬಜೆ, ಮೂಡೆ, ಸಜ್ಜಿಗೆ ಬಜಿಲ್: ಕರಾವಳಿಯ ಈ ತಿಂಡಿಗಳನ್ನು ರೆಸಾರ್ಟಿನವರು ಪೇಟೆಯವರಷ್ಟು ಚೆನ್ನಾಗಿ ಮಾಡುವುದು ಅಪರೂಪ.

ಇನ್ನು ಮೇಜಿನ ಹತ್ತಿರ ಬರೋಣ. ಕಾಣೆ ಮೀನನ್ನು (ಲೇಡಿಫಿಶ್) ರವಾ ಫ್ರೈ ಮಾಡಿಸುವುದು ವಾಡಿಕೆ, ಅದಕ್ಕೆ ಅದು ಹೊಂದುತ್ತದೆ ಕೂಡ. ಆದರೆ ರವೆಯ ಹೊದಿಕೆ ಎಲ್ಲವನ್ನೂ ಮುಚ್ಚುತ್ತದೆ. ಹಳೆಯ ಮೀನೂ ಅದರೊಳಗೆ ಗರಿಗರಿಯಾಗಿಯೇ ಕಾಣುತ್ತದೆ. ತಟ್ಟೆ ಬಂದ ತಕ್ಷಣ ಬೆನ್ನಿನ ಗುಂಟ ಬೆರಳಿನಿಂದ ಬಿಡಿಸಿ ನೋಡಿ. ತಾಜಾ ಕಾಣೆಯ ಮಾಂಸ ಬೆಳ್ಳಗೆ, ಪದರ ಪದರವಾಗಿ ಏಳುತ್ತದೆ, ನಡುಮುಳ್ಳಿಗೆ ಸ್ವಲ್ಪ ಅಂಟಿಕೊಂಡಿರುತ್ತದೆ. ಹಿಟ್ಟಿನ ಹಾಗೆ ಮುದ್ದೆಯಾದರೆ, ತಟ್ಟೆಯಲ್ಲಿ ನೀರು ಬಿಟ್ಟರೆ, ಅದು ಫ್ರೀಜರ್‌ನಲ್ಲಿದ್ದು ಬಂದದ್ದು. ಮೇಲಿನ ಭಾಗ ತಿಂದಾದ ಮೇಲೆ ಬಾಲದ ತುದಿ ಹಿಡಿದು ನಡುಮುಳ್ಳನ್ನು ಒಂದೇ ಎಳೆತಕ್ಕೆ ಎತ್ತಿಬಿಡಿ, ಕೆಳಗಿನ ಭಾಗ ಇಡಿಯಾಗಿ ಉಳಿಯುತ್ತದೆ. ಹೊಟ್ಟೆಯ ಹತ್ತಿರದ ಸಣ್ಣ ಮುಳ್ಳು ಮಕ್ಕಳ ತಟ್ಟೆಗೆ ಹೋಗದಂತೆ ನೋಡಿಕೊಳ್ಳಿ. ಮಕ್ಕಳಿಗೆ ಅಂಜಲ್ ತುಂಡೇ ಸುಲಭ, ನಡುವಿನ ಒಂದು ಮುಳ್ಳು ತೆಗೆದರೆ ಬಹುಪಾಲು ಮುಗಿಯಿತು. ‘ಖಾರ ಕಮ್ಮಿ ಮಾಡಿ’ ಎಂದು ಹೇಳಿ ಪ್ರಯೋಜನವಿಲ್ಲ, ಮಸಾಲೆ ಬೆಳಿಗ್ಗೆಯೇ ರುಬ್ಬಿಟ್ಟಿರುತ್ತಾರೆ. ಉಪ್ಪು, ಅರಿಶಿನ, ಲಿಂಬೆ ಮಾತ್ರ ಹಚ್ಚಿ ಹುರಿಯಲು ಹೇಳಿ.

ಬಂಗುಡೆಯ ವಿಷಯದಲ್ಲಿ ಒಂದು ಎಚ್ಚರ. ಹಿಡಿದ ಮೇಲೆ ಸರಿಯಾಗಿ ಐಸ್‌ನಲ್ಲಿ ಇಡದಿದ್ದರೆ ಈ ಜಾತಿಯ ಮೀನಿನಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ರಾಸಾಯನಿಕ ಸೇರಿಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಪುಳಿಮುಂಚಿ ಎಂಬ ಹುಳಿ-ಖಾರದ ಸಾರಿನಲ್ಲಿ ಗುರುತು ಸಿಗುವುದು ಕಷ್ಟ. ಆದರೂ ನಾಲಗೆಯ ಮೇಲೆ ಮೆಣಸುಕಾಳು ಕಚ್ಚಿದಂತೆ ಚುರುಚುರು ಅನಿಸಿದರೆ ಅಲ್ಲಿಗೇ ನಿಲ್ಲಿಸಿ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ತಲೆನೋವು, ತುರಿಕೆ ಬಂದರೆ ವೈದ್ಯರಿಗೆ ತೋರಿಸಿ.

ನೀರಂಚಿನ ಮೇಜು ಚಿತ್ರದಲ್ಲಿ ಕಾಣುವಷ್ಟು ಸೊಗಸಾಗಿ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಹೊತ್ತು ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಳಿತದಲ್ಲಿ ಹೊಳೆ ಹಿಂದೆ ಸರಿದು ಕೆಸರು ತೆರೆದುಕೊಳ್ಳುತ್ತದೆ, ವಾಸನೆಯೂ ಜತೆಗೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಇದು ಜಾಸ್ತಿ. ಮಲ್ಪೆಯ ಉಬ್ಬರದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ನೋಡಿಕೊಂಡು ಮೇಜು ಹೇಳಿ. ಸೂರ್ಯ ಮುಳುಗುವುದು ಡಿಸೆಂಬರ್ ಶುರುವಿನಲ್ಲಿ ಸುಮಾರು ಆರಕ್ಕೆ, ಮೇ ಕೊನೆಯಲ್ಲಿ ಏಳರ ಹತ್ತಿರ. ಅದಾದ ಮುಕ್ಕಾಲು ಗಂಟೆ ಸೊಳ್ಳೆಗಳ ಹೊತ್ತು. ಸೂರ್ಯಾಸ್ತಕ್ಕೆ ಚಾ, ಬಜೆ ಸಾಕು. ಊಟಕ್ಕೆ ಎಂಟರ ಬಳಿಕ ಕೂರಿ. ಮೊದಲ ಮಳೆಯ ದಿನಗಳಲ್ಲಿ ದೀಪಕ್ಕೆ ರೆಕ್ಕೆಹುಳ ಮುತ್ತುತ್ತವೆ. ದೀಪವನ್ನು ಮೇಜಿನ ಮೇಲಿನಿಂದ ತೆಗೆದು ನಾಲ್ಕು ಮಾರು ಆಚೆ ಇಡಿಸಿದರೆ ಸಾರಿನಲ್ಲಿ ಬೀಳುವುದು ತಪ್ಪುತ್ತದೆ.

ಹೊರಗೆ ಗಾಳಿಯಲ್ಲಿ ಕೂತರೆ ನೀರುದೋಸೆ ಮೂರೇ ನಿಮಿಷಕ್ಕೆ ಆರಿ ರಬ್ಬರಿನಂತಾಗುತ್ತದೆ. ಎರಡೆರಡೇ ತರಿಸಿ. ಗರಿಗರಿ ಅಕ್ಕಿರೊಟ್ಟಿಗೆ ಕೋಳಿ ಸಾರು ಹಾಕಿ ತಿನ್ನುವ ಕೋರಿ ರೊಟ್ಟಿಗೆ ಈ ತೊಂದರೆ ಇಲ್ಲ, ಆದರೆ ಗಸಿಯನ್ನು (ಆ ಸಾರನ್ನು) ಒಂದೇ ಸಲ ಸುರಿದುಕೊಳ್ಳಬೇಡಿ. ರೊಟ್ಟಿ ಅರ್ಧ ಮೆತ್ತಗೆ, ಅರ್ಧ ಗರಿಗರಿ ಇರುವಾಗಲೇ ರುಚಿ. ಅನ್ನಕ್ಕೆ ‘ಕುಚ್ಚಲಕ್ಕಿಯಾ, ಬೆಳ್ತಿಗೆಯಾ’, ಅಂದರೆ ಕೆಂಪು ಕುಸುಬಲಕ್ಕಿಯೋ ಬಿಳಿ ಅಕ್ಕಿಯೋ ಎಂದು ಕೇಳುತ್ತಾರೆ. ಮೀನು ಸಾರಿಗೆ ಕುಚ್ಚಲಕ್ಕಿ ಎನ್ನಿ.

ಸಸ್ಯಾಹಾರಿಗಳು ಹಿಂದಿನ ದಿನವೇ ತಿಳಿಸುವುದು ಒಳ್ಳೆಯದು, ಮೀನು ಹುರಿದ ಕಾವಲಿಯಲ್ಲೇ ದೋಸೆ ಹುಯ್ಯುವ ಅಡುಗೆಮನೆಗಳಿವೆ. ‘ಬೇರೆ ಕಾವಲಿ ಇದೆಯೇ’ ಎಂದು ನೇರವಾಗಿ ಕೇಳಿ. ಪನೀರ್ ಬಟರ್ ಮಸಾಲೆಗೆ ತೃಪ್ತಿಪಡಬೇಕಾಗಿಲ್ಲ. ಭೌಗೋಳಿಕ ಸೂಚಿಕೆ ಪಡೆದ ಮಟ್ಟುಗುಳ್ಳ (ಉಡುಪಿ ಬಳಿಯ ಮಟ್ಟು ಊರಿನ ಬದನೆ) ಸಿಗುವ ಕಾಲವಾದರೆ ಅದರ ಹುಳಿ, ಇಲ್ಲವಾದರೆ ತಂಬುಳಿ, ಸೌತೆಕಾಯಿ ಹುಳಿ, ಅಲಸಂದೆ ಪಲ್ಯ ಮಾಡಿಸಿಕೊಳ್ಳಿ.

ಕೊನೆಗೆ ಬಿಲ್ಲು. ಮೀನಿನ ಎದುರು ‘ಗಾತ್ರದ ಮೇಲೆ’ ಎಂದಿದ್ದರೆ ಮೂರು ಪ್ರಶ್ನೆ ಕೇಳಿ: ಹಸಿಯ ತೂಕ ಎಷ್ಟು, ಇಡೀ ಮೀನಿಗೆ ಎಷ್ಟು, ಎಷ್ಟು ತುಂಡಾಗುತ್ತದೆ. ಹುರಿಯುವ ಮೊದಲೇ ಕೇಳಬೇಕು. ತೆರಿಗೆಯಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ಹೋಟೆಲ್ ಊಟಕ್ಕೆ ಜಿಎಸ್‌ಟಿ ಶೇ 5. ಆದರೆ 2025ರ ಏಪ್ರಿಲ್ 1ರಿಂದ, ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದೇ ಒಂದು ಕೋಣೆಗೆ ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಪಡೆದಿರುವ ರೆಸಾರ್ಟಿನ ಊಟಕ್ಕೆ ಶೇ 18. ನಿಮ್ಮ ಕೋಣೆ 5,000ದ್ದೇ ಇರಲಿ, ಪಕ್ಕದ ಕಾಟೇಜು ಹಿಂದಿನ ಆರ್ಥಿಕ ವರ್ಷದಲ್ಲಿ 9,000ಕ್ಕೆ ಹೋಗಿದ್ದರೆ ನಿಮ್ಮ ಬಂಗುಡೆಗೂ ಶೇ 18 ಬೀಳುತ್ತದೆ. 3,000 ರೂಪಾಯಿ ಊಟಕ್ಕೆ 150ರ ಬದಲು 540. ಇದು ಕಾನೂನುಬದ್ಧ, ವಾದಿಸಿ ಫಲವಿಲ್ಲ. ಸೇವಾ ಶುಲ್ಕದ ಮಾತು ಬೇರೆ. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದು ಸಮಾಧಾನವಾಗಿ ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಹೊಳೆ ಅಂಚಿನಲ್ಲಿ ನೆಟ್‌ವರ್ಕ್ ಕೈಕೊಟ್ಟು ಯುಪಿಐ ಸುತ್ತುತ್ತಲೇ ಇರುವುದುಂಟು, ಒಂದು ಊಟಕ್ಕಾಗುವಷ್ಟು ನಗದು ಜೇಬಿನಲ್ಲಿರಲಿ.

ಭಾನುವಾರದ ತಿಂಡಿಗೆ ಎಂಟೂವರೆಯೊಳಗೆ ಹೋಗಿ. ಹತ್ತರ ಹೊತ್ತಿಗೆ ಕರಾವಳಿಯ ಸೆಕೆಗೆ ಕಾಯಿಚಟ್ನಿ ಹುಳಿಯತೊಡಗಿರುತ್ತದೆ.